ಪರದೆ ಮೇಲೆ ಮೀನು ಕಾಣುತ್ತೆ, ಗಾಳಕ್ಕೆ ಯಾಕೆ ಬೀಳಲ್ಲ? ಸ್ಟ್ರೈಪ್ಡ್ ಬಾಸ್, ಜೀವಂತ ಎರೆ ಮತ್ತು ಸೋನಾರ್

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ, ಆಫೀಸ್ ಬಸ್ಸಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ, ಈ ವಾರದ ಮಾತು ಇಲ್ಲಿ ಬರಹ ರೂಪದಲ್ಲಿದೆ. ಮಾತಾಡೋ ಭರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೇನೆ.

ಹೈದರಾಬಾದಿನಿಂದ ಡಲ್ಲಾಸ್‌ಗೆ ಆನ್‌ಸೈಟ್ ಹೋಗಿರುವ ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. "ಸರ್, ಇಲ್ಲಿ ಟೆಕ್ಸೋಮಾ ಅಂತ ದೊಡ್ಡ ಜಲಾಶಯ ಇದೆ. ಸ್ಟ್ರೈಪ್ಡ್ ಬಾಸ್ ಸಿಗುತ್ತೆ ಅಂತ ಫಿಶ್ ಫೈಂಡರ್ ಇರೋ ಬೋಟನ್ನೇ ಬಾಡಿಗೆಗೆ ತಗೊಂಡ್ವಿ. ಪರದೆ ತುಂಬಾ ಮೀನು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತ್ರೂ ಒಂದೂ ಸಿಗಲಿಲ್ಲ. ಮಷೀನ್ ಸುಳ್ಳು ಹೇಳುತ್ತಾ?"

ಓದಿ ನಗು ಬಂತು. ಪುಣೆಗೆ ಬರೋ ಮುಂಚೆ ಎರಡು ವರ್ಷ ನಾನೂ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದೆ. 2019ರ ಜುಲೈಯಲ್ಲಿ ಅದೇ ನೀರಿನ ಮೇಲೆ, ಅಂಥದ್ದೇ ಪರದೆ ಮುಂದೆ ಕೂತು, ಇದೇ ಪ್ರಶ್ನೆ ಕೇಳಿಕೊಂಡಿದ್ದೆ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಮಷೀನ್ ಸುಳ್ಳು ಹೇಳಲ್ಲ. ಆದರೆ ಅದು ಹೇಳೋದು "ಇಲ್ಲಿ ಏನೋ ಇದೆ" ಅಂತ ಮಾತ್ರ. ಅದು ಯಾವ ಮೀನು, ಯಾಕೆ ಅಲ್ಲಿ ನಿಂತಿದೆ, ಹಸಿದಿದೆಯಾ, ಮೇಲೆತ್ತಿದರೆ ಬದುಕುತ್ತಾ, ಇವೆಲ್ಲ ನಮಗೆ ಗೊತ್ತಿರಬೇಕು. ಕೊನೆಯ ಪ್ರಶ್ನೆಗೆ ಉತ್ತರ ಕಲಿಯೋಕೆ ನಾನು ಒಂದು ಒಳ್ಳೆ ಮೀನನ್ನ ಸುಮ್ಮನೆ ಸಾಯಿಸಿದೆ. ಅದನ್ನೂ ಹೇಳ್ತೀನಿ.

ಸಮುದ್ರದ ಮೀನು ಒಳನಾಡಿಗೆ ಬಂದದ್ದು

ಸ್ಟ್ರೈಪ್ಡ್ ಬಾಸ್ ಮೂಲತಃ ಸಮುದ್ರದ ಮೀನು. ಬೆಳ್ಳಿ ಮೈ, ಪಕ್ಕೆಯ ಉದ್ದಕ್ಕೂ ಏಳೆಂಟು ಕಪ್ಪು ಗೀಟು. ಅಮೆರಿಕದವರು ಪ್ರೀತಿಯಿಂದ ಸ್ಟ್ರೈಪರ್ ಅಂತಾರೆ. ಅಟ್ಲಾಂಟಿಕ್ ಕರಾವಳಿಯಲ್ಲಿ ಬೆಳೆದು, ಮೊಟ್ಟೆ ಇಡೋಕೆ ಮಾತ್ರ ವಸಂತದಲ್ಲಿ ಸಿಹಿನೀರಿನ ನದಿಗಳಿಗೆ ಏರಿ ಬರುತ್ತೆ.

ಇದು ಸಿಹಿನೀರಲ್ಲೇ ಪೂರ್ತಿ ಬದುಕಬಲ್ಲದು ಅಂತ ಗೊತ್ತಾದದ್ದು ಆಕಸ್ಮಿಕವಾಗಿ. 1940ರ ದಶಕದ ಆರಂಭದಲ್ಲಿ ಸೌತ್ ಕೆರೊಲಿನಾದಲ್ಲಿ ಸ್ಯಾಂಟೀ–ಕೂಪರ್ ಅಣೆಕಟ್ಟುಗಳು ಎದ್ದವು. ನದಿಗೆ ಬಂದಿದ್ದ ಸ್ಟ್ರೈಪರ್‌ಗಳು ಒಳಗೇ ಸಿಕ್ಕಿಹಾಕಿಕೊಂಡವು. ಸಾಯುತ್ತವೆ ಅಂದುಕೊಂಡರೆ ಅಲ್ಲೇ ಬೆಳೆದವು, ಮರಿಯನ್ನೂ ಮಾಡಿದವು. ಆಮೇಲೆ ಬೇರೆ ಬೇರೆ ರಾಜ್ಯಗಳ ಮೀನುಗಾರಿಕೆ ಇಲಾಖೆಗಳು ತಮ್ಮ ಜಲಾಶಯಗಳಿಗೂ ಮರಿ ಬಿಡೋಕೆ ಶುರು ಮಾಡಿದವು.

ಟೆಕ್ಸೋಮಾ ಇರೋದು ಟೆಕ್ಸಸ್ ಮತ್ತು ಓಕ್ಲಹೋಮಾ ಗಡಿಯಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕೆ ಸುಮಾರು ಒಂದೂವರೆ ಗಂಟೆ ದಾರಿ. ರೆಡ್ ನದಿಗೆ ಡೆನಿಸನ್ ಅಣೆಕಟ್ಟು ಕಟ್ಟಿ ಮುಗಿದದ್ದು 1944ರಲ್ಲಿ. ನೀರು ಹರಡಿರೋದು ಸುಮಾರು 89,000 ಎಕರೆ. 1960ರ ದಶಕದ ಮಧ್ಯದಿಂದ 1974ರವರೆಗೆ ಇಲ್ಲಿ ಸ್ಟ್ರೈಪರ್ ಮರಿ ಬಿಟ್ಟರು. ಆಮೇಲೆ ಬಿಡೋ ಅಗತ್ಯವೇ ಬೀಳಲಿಲ್ಲ.

ಕಾರಣ ಮೊಟ್ಟೆಯಲ್ಲಿದೆ. ಸ್ಟ್ರೈಪರ್ ಮೊಟ್ಟೆ ಪೂರ್ತಿ ತೇಲಲ್ಲ, ಪೂರ್ತಿ ಮುಳುಗಲ್ಲ. ಒಡೆಯೋವರೆಗೆ ಸುಮಾರು ಎರಡು ದಿನ ಹರಿಯೋ ನೀರು ಅದನ್ನ ಎತ್ತಿ ಹಿಡಿದಿರಬೇಕು. ನೀರು ನಿಂತರೆ ತಳಕ್ಕೆ ಕೂತು ಹೂಳಲ್ಲಿ ಉಸಿರುಗಟ್ಟಿ ಸಾಯುತ್ತೆ. ಬಹುತೇಕ ಜಲಾಶಯಗಳಲ್ಲಿ ಅಷ್ಟು ಉದ್ದದ ಹರಿವು ಇಲ್ಲ, ಹಾಗಾಗಿ ಮರಿ ಬಿಡುತ್ತಲೇ ಇರಬೇಕು. ಟೆಕ್ಸೋಮಾಕ್ಕೆ ರೆಡ್ ಮತ್ತು ವಾಶಿಟಾ ಎಂಬ ಎರಡು ನದಿಗಳು ಉದ್ದಕ್ಕೆ ಹರಿದು ಬಂದು ಸೇರ್ತವೆ. ಜೊತೆಗೆ ರೆಡ್ ನದಿ ಉಪ್ಪಿನ ಪದರಗಳ ಮೇಲಿಂದ ಬರೋದರಿಂದ ನೀರು ಸ್ವಲ್ಪ ಉಪ್ಪುಪ್ಪು. ಸಮುದ್ರದ ಮೀನಿಗೆ ಒಳನಾಡಲ್ಲಿ ಇದಕ್ಕಿಂತ ಒಳ್ಳೆ ಮನೆ ಸಿಗೋದು ಕಷ್ಟ.

ಮೊದಲು ಎರೆ, ಆಮೇಲೆ ಮೀನು

ಸ್ಟ್ರೈಪರ್‌ನ ಮುಖ್ಯ ಊಟ ಶ್ಯಾಡ್ ಅನ್ನೋ ಬೆಳ್ಳಿ ಮೀನು. ನಮ್ಮ ಬೂತಾಯಿಯ ದೂರದ ನೆಂಟ. ಎರಡು ಬಗೆ ಇದೆ. ಥ್ರೆಡ್‌ಫಿನ್ ಶ್ಯಾಡ್ ಬೆರಳುದ್ದ, ಗಿಜರ್ಡ್ ಶ್ಯಾಡ್ ಅಂಗೈಗಿಂತ ದೊಡ್ಡದಾಗಿ ಬೆಳೆಯುತ್ತೆ. ಸ್ಟ್ರೈಪರ್ ಹಿಡಿಯೋರ ದಿನ ಶುರುವಾಗೋದು ಇದನ್ನ ಹಿಡಿಯೋದರಿಂದ, ಅದೂ ಸೂರ್ಯ ಹುಟ್ಟೋ ಮುಂಚೆ.

ನಾವು ನಾಲ್ಕು ಜನ. ನಾನು, ಹುಬ್ಬಳ್ಳಿಯ ಗೆಳೆಯ, ಅವನ ಇಬ್ಬರು ರೂಮ್‌ಮೇಟ್‌ಗಳು. ಬಲೆ ಬೀಸೋ ಕೆಲಸ ನಾನೇ ತಗೊಂಡೆ. ನಾನು ಕುಂದಾಪುರ ಕಡೆಯವನು. ಗಂಗೊಳ್ಳಿ ಹೊಳೆಯಲ್ಲಿ ನನ್ನ ಮಾವ ಬೀಸುಬಲೆ ಹಾಕೋದನ್ನ ನೋಡ್ತಾ ಬೆಳೆದೋನು. ಅಮೆರಿಕದ ಕಾಸ್ಟ್ ನೆಟ್ ಅಂದ್ರೆ ನಮ್ಮ ಬೀಸುಬಲೆಯೇ. ದುಂಡಗಿನ ಬಲೆ, ಅಂಚಿಗೆ ಸೀಸದ ಗುಂಡುಗಳು, ನಡುವಿಂದ ಹಗ್ಗ. ಅಂಚಿನ ಒಂದು ಭಾಗ ಹಲ್ಲಲ್ಲಿ ಕಚ್ಚಿ, ಸೊಂಟ ತಿರುಗಿಸಿ, ಬಿಡುವಾಗ ಬಾಯಿ ತೆರೀಬೇಕು. ಮರೆತರೆ ಹಲ್ಲು ಬಲೆ ಜೊತೆ ಹೋಗುತ್ತೆ ಅಂತ ಮಾವ ಹೆದರಿಸ್ತಿದ್ದ. ಟೆಕ್ಸೋಮಾದಲ್ಲೂ ಹಲ್ಲಲ್ಲೇ ಕಚ್ಚಿ ಬೀಸ್ತಾರೆ ಅಂತ ನೋಡಿ ನನಗೆ ಊರಿಗೆ ಬಂದ ಹಾಗಾಯ್ತು.

ಶ್ಯಾಡ್‌ಗೆ ಬಲೆ ಆರಿಸುವಾಗ ಎರಡು ವಿಷಯ ನೋಡಬೇಕು. ಒಂದು, ಬಲೆಯ ಕಣ್ಣು. ಥ್ರೆಡ್‌ಫಿನ್‌ಗೆ ಇಂಚಿನ ಎಂಟನೇ ಮೂರು ಭಾಗದ ಕಣ್ಣು ಸಾಕು. ಅದಕ್ಕಿಂತ ದೊಡ್ಡದಾದರೆ ತಲೆ ತೂರಿಸಿ ಕಿವಿರಲ್ಲಿ ಸಿಕ್ಕಿ ಸಾಯುತ್ತೆ. ಎರಡು, ಸೀಸದ ತೂಕ. ಹಗುರ ಬಲೆ ನಿಧಾನಕ್ಕೆ ಮುಳುಗುತ್ತೆ, ಅಷ್ಟರಲ್ಲಿ ಶ್ಯಾಡ್ ತಪ್ಪಿಸ್ಕೊಂಡಿರುತ್ತೆ. ಟೆಕ್ಸಸ್‌ನಲ್ಲಿ ಬಲೆಯ ವ್ಯಾಸ 14 ಅಡಿ ಮೀರೋ ಹಾಗಿಲ್ಲ. ಬಲೆಗೆ ಸ್ಟ್ರೈಪರ್ ಮರಿಯೋ ಬೇರೆ ಗಾಳದ ಮೀನೋ ಬಿದ್ದರೆ ತಕ್ಷಣ ನೀರಿಗೆ ಬಿಡಬೇಕು.

ಎಲ್ಲಿ ಬೀಸೋದು? ದೋಣಿ ಕಟ್ಟೋ ಜಾಗದ ದೀಪದ ಕೆಳಗೆ. ಬೆಳಕಿಗೆ ಸಣ್ಣ ಸಣ್ಣ ಜೀವಿಗಳು ಬರ್ತವೆ, ಅವನ್ನ ತಿನ್ನೋಕೆ ಥ್ರೆಡ್‌ಫಿನ್ ಸೇರುತ್ತೆ. ಬೆಳಕಿಗೆ ಮೀನು ಸೇರೋ ಇದೇ ಗುಣದಿಂದ ನಮ್ಮ ಕರಾವಳಿಯಲ್ಲಿ ಎಷ್ಟು ಜಗಳ ಆಗಿದೆ ಅಂತ ಅಲ್ಲಿಯವರಿಗೆ ಗೊತ್ತು. ಬೋಟಿನಿಂದ ಜೋರಾದ ಎಲ್‌ಇಡಿ ದೀಪ ಹಾಕಿ ಮೀನು ಬಾಚೋದನ್ನ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಬೆಳಕು ಹರಿದ ಮೇಲಾದರೆ ದೀಪ ಬಿಟ್ಟು ನೀರು ನೋಡಬೇಕು. ಕೊಲ್ಲಿಯ ಒಳತುದಿಯಲ್ಲಿ ಮಳೆಹನಿ ಬಿದ್ದ ಹಾಗೆ ಮೇಲ್ಮೈ ಮಿಣುಕಿದರೆ ಅದು ಶ್ಯಾಡ್.

ನಾನು ಐದು ಸಲ ಬೀಸಿದೆ. ಎಂಬತ್ತರ ಹತ್ತಿರ ಶ್ಯಾಡ್ ಬಂತು. ಗೆಳೆಯರು ಶಿಳ್ಳೆ ಹೊಡೆದರು. ಅಪಾರ್ಟ್‌ಮೆಂಟಿನ ನಲ್ಲಿಯಿಂದ ನೀರು ತುಂಬಿ ತಂದಿದ್ದ ಐಸ್ ಬಾಕ್ಸಿಗೆ ಎಲ್ಲ ಸುರಿದ್ವಿ. ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆದ ಹುಬ್ಬಳ್ಳಿ ಗೆಳೆಯ ಕೂಗಿದ: "ಏನ್ಲೇ ದೋಸ್ತ, ಎಲ್ಲಾ ಸತ್ತು ಹೋಗ್ಯಾವಲ್ಲೋ!"

ಎಲ್ಲವೂ ಹೊಟ್ಟೆ ಮೇಲಾಗಿ ತೇಲ್ತಿದ್ದವು.

ತಪ್ಪು ನಾಲ್ಕು, ನಾಲ್ಕೂ ನಮ್ಮದೇ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಅದು ಕಿವಿರನ್ನ ಸುಡುತ್ತೆ. ಐಸ್ ಬಾಕ್ಸ್ ಚೌಕ, ಆದರೆ ಶ್ಯಾಡ್ ನಿಲ್ಲದೆ ಈಜೋ ಮೀನು. ಮೂಲೆಗೆ ಹೋಗಿ ಸಿಕ್ಕಿಕೊಂಡು, ಮೂಗು ಗುದ್ದಿಕೊಂಡು, ಒಂದರ ಮೇಲೊಂದು ರಾಶಿಯಾಗುತ್ತೆ. ಅದಕ್ಕೇ ಅಲ್ಲಿ ಶ್ಯಾಡ್ ತೊಟ್ಟಿಗಳು ದುಂಡಗೆ ಇರ್ತವೆ. ಮೂರನೆಯದು, ಅಷ್ಟು ನೀರಿಗೆ ಅಷ್ಟು ಮೀನಿಗೆ ಆಮ್ಲಜನಕ ಸಾಲಲ್ಲ. ನಾಲ್ಕನೆಯದು, ಗುಂಪಾಗಿ ಹಾಕಿದಾಗ ಅವುಗಳ ಮೈಯಿಂದಲೇ ಬರೋ ಅಮೋನಿಯಾ ವಿಷ ಆಗುತ್ತೆ.

ಸರಿಯಾದ ಕ್ರಮ ಹೀಗೆ. ಜಲಾಶಯದ್ದೇ ನೀರು ತುಂಬಿ, ತಾಪ ಏಕಾಏಕಿ ಬದಲಾಗದ ಹಾಗೆ ನೋಡ್ಕೊಳ್ಳಿ. ಗಾಳಿ ಬಿಡೋ ಪಂಪ್ ನಿಲ್ಲಿಸಬೇಡಿ. ಒಂದಿಷ್ಟು ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿ. ಬಲೆಗೆ ಉಜ್ಜಿ ಹುರುಪೆ ಉದುರಿದ ಮೀನು ಮೈಯ ಉಪ್ಪು ಕಳೆದುಕೊಳ್ಳುತ್ತಾ ಹೋಗುತ್ತೆ. ನೀರಲ್ಲೂ ಸ್ವಲ್ಪ ಉಪ್ಪಿದ್ದರೆ ಅದರ ಕಷ್ಟ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಕಡಿಮೆ ಹಿಡಿಯಿರಿ. ಎಂಬತ್ತು ಸತ್ತ ಶ್ಯಾಡ್‌ಗಿಂತ ಇಪ್ಪತ್ತು ಚುರುಕಾದ ಶ್ಯಾಡ್ ಮೇಲು.

ಇನ್ನೊಂದು ಮಾತು. ಉಳಿದ ಎರೆ, ತೊಟ್ಟಿ ನೀರು ಇನ್ನೊಂದು ಜಲಾಶಯಕ್ಕೆ ಒಯ್ಯಬೇಡಿ. ಟೆಕ್ಸಸ್‌ನಲ್ಲಿ ಝೀಬ್ರಾ ಮಸೆಲ್ ಅನ್ನೋ ಹೊರಗಿನ ಚಿಪ್ಪುಜೀವಿ ಮೊದಲು ಸಿಕ್ಕಿದ್ದು 2009ರಲ್ಲಿ, ಇದೇ ಟೆಕ್ಸೋಮಾದಲ್ಲಿ. ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ಒಂದು ಬಕೆಟ್ ನೀರಲ್ಲೇ ಪ್ರಯಾಣ ಮಾಡುತ್ತೆ. 2014ರಿಂದ ರಾಜ್ಯದಾದ್ಯಂತ, ಹೊರಡೋ ಮುಂಚೆ ದೋಣಿಯ ನೀರೆಲ್ಲ ಬಸಿಯಲೇಬೇಕು ಅಂತ ನಿಯಮ ಇದೆ.

ಪಿಂಗ್ ಅಂದ್ರೆ ಏನು

ಈಗ ಪರದೆಗೆ ಬರೋಣ. ನಮ್ಮಲ್ಲಿ ಬಹಳ ಜನ ದಿನಕ್ಕೆ ಹತ್ತು ಸಲ ಪಿಂಗ್ ಹೊಡೀತೀವಿ. ಆ ಪ್ರೋಗ್ರಾಮನ್ನ 1983ರ ಡಿಸೆಂಬರ್‌ನಲ್ಲಿ ಬರೆದವರು ಅಮೆರಿಕದ ಸೇನೆಯ ಸಂಶೋಧನಾಲಯದಲ್ಲಿದ್ದ ಮೈಕ್ ಮ್ಯೂಸ್. ಹೆಸರು ಇಟ್ಟದ್ದು ಸೋನಾರ್‌ನ ಸದ್ದಿನಿಂದ. ಅಂದ್ರೆ ಮೀನು ಹುಡುಕೋ ಮಷೀನ್ ನಮ್ಮ ಪಿಂಗ್‌ನ ಅಣ್ಣ. 1948ರಲ್ಲೇ ಜಪಾನಿನ ಫುರುನೋ ಸಹೋದರರು ಮೀನುಗಾರರ ದೋಣಿಗೆ ಹಾಕಬಹುದಾದ ಫಿಶ್ ಫೈಂಡರ್ ಮಾಡಿದ್ದರು.

ಕೆಲಸ ಸರಳ. ದೋಣಿಯ ಅಡಿಯಲ್ಲಿರೋ ಟ್ರಾನ್ಸ್‌ಡ್ಯೂಸರ್ ಕೆಳಕ್ಕೆ ಒಂದು ಸದ್ದು ಕಳಿಸುತ್ತೆ. ಅದು ಏನಕ್ಕಾದರೂ ತಾಗಿ ಹಿಂದೆ ಬರುತ್ತೆ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್, ಗಾಳಿಯಲ್ಲಿ ಇರೋದರ ನಾಲ್ಕು ಪಟ್ಟಿಗೂ ಹೆಚ್ಚು. 60 ಅಡಿ, ಅಂದ್ರೆ 18 ಮೀಟರ್ ಕೆಳಗಿರೋ ಮೀನಿಗೆ ಹೋಗಿ ಬರೋಕೆ ಸುಮಾರು 24 ಮಿಲಿಸೆಕೆಂಡ್. ಸಮಯ ಗೊತ್ತಾದರೆ ಆಳ ಗೊತ್ತಾಯ್ತು.

ಮೀನಿನ ಮಾಂಸ ಬಹುಮಟ್ಟಿಗೆ ನೀರಿನ ಹಾಗೇ. ಶಬ್ದ ಅದರೊಳಗೆ ಹೆಚ್ಚು ತಡೆ ಇಲ್ಲದೆ ಹಾದುಹೋಗುತ್ತೆ. ಜೋರಾಗಿ ಪ್ರತಿಧ್ವನಿ ಕೊಡೋದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ. ಮೀನು ನೀರಲ್ಲಿ ಮೇಲೂ ಏಳದೆ ಕೆಳಗೂ ಇಳಿಯದೆ ನಿಲ್ಲೋಕೆ ಇರೋ ಅಂಗ ಅದು. ಅಂದ್ರೆ ಪರದೆಯಲ್ಲಿ ನಾವು ನೋಡೋದು ಹೆಚ್ಚಾಗಿ ಮೀನೊಳಗಿನ ಗಾಳಿಯನ್ನ. ಈ ಗಾಳಿಚೀಲ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ನಮಗೆಲ್ಲ ಗೊತ್ತಿರೋ ಹಾಗೆ, ಸರ್ವರ್ ಪಿಂಗ್‌ಗೆ ಉತ್ತರ ಕೊಟ್ಟ ಮಾತ್ರಕ್ಕೆ ಅಪ್ಲಿಕೇಶನ್ ಕೆಲಸ ಮಾಡ್ತಿದೆ ಅಂತ ಅರ್ಥ ಅಲ್ಲ. ಮೀನಿನ ವಿಷಯದಲ್ಲೂ ಅಷ್ಟೇ.

ಪರದೆ ಓದೋದು

ಸತ್ತ ಶ್ಯಾಡ್ ಇಟ್ಟುಕೊಂಡು ಆ ದಿನ ಆರು ಗಂಟೆ ಅಲೆದ ಮೇಲೆ ಬರಿಗೈಯಲ್ಲಿ ವಾಪಸ್ ಬಂದ್ವಿ. ಎರಡು ವಾರ ಬಿಟ್ಟು ದುಡ್ಡು ಹಾಕ್ಕೊಂಡು ಒಬ್ಬ ಗೈಡ್ ಜೊತೆ ಹೋದ್ವಿ. ಎಪ್ಪತ್ತು ದಾಟಿದ ಮನುಷ್ಯ, ನಾವು ನಮ್ಮೊಳಗೆ ಅಜ್ಜ ಅಂತಲೇ ಕರೀತಿದ್ವಿ. ಅಜ್ಜ ಬಲೆ ಬೀಸಿ ಎರೆ ಹಿಡಿದ ಮೇಲೂ ಮುಕ್ಕಾಲು ಗಂಟೆ ಗಾಳ ಹಾಕೋಕೆ ಬಿಡಲಿಲ್ಲ. ನಿಧಾನಕ್ಕೆ ದೋಣಿ ಓಡಿಸ್ತಾ ಪರದೆ ನೋಡ್ತಾ ಕೂತರು. ಆ ಹೊತ್ತಲ್ಲಿ ಕಲಿತದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ.

ಒಂದನೆಯದು, ಪರದೆಯ ಬಲ ಅಂಚು ಮಾತ್ರ "ಈಗ". ಎಡಕ್ಕೆ ಸರಿದದ್ದೆಲ್ಲ ಹಳೇ ಲಾಗ್. ಪರದೆ ನಡುವೆ ಕಾಣೋ ಮೀನು ದೋಣಿ ಆಗಲೇ ದಾಟಿ ಬಂದ ಮೀನು. ಮೊದಲ ಸಲ ನಾವು ನಡುವೆ ಮೀನು ಕಂಡಾಗೆಲ್ಲ ಅಲ್ಲೇ ಗಾಳ ಇಳಿಸ್ತಿದ್ವಿ. ಅಂದ್ರೆ ಮೀನಿಲ್ಲದ ಕಡೆ.

ಎರಡನೆಯದು, ಶಬ್ದ ಕೆಳಗೆ ಹೋಗ್ತಾ ಕೊಳವೆಯ ಹಾಗಲ್ಲ, ಟಾರ್ಚ್ ಬೆಳಕಿನ ಹಾಗೆ ಅಗಲವಾಗ್ತಾ ಹೋಗುತ್ತೆ. 20 ಡಿಗ್ರಿ ಕೋನದ ಸೋನಾರ್ ಆದರೆ 60 ಅಡಿ ಆಳದಲ್ಲಿ ಸುಮಾರು 21 ಅಡಿ ಅಗಲದ ವೃತ್ತ. ಅದರೊಳಗೆ ಮೀನು ಎಡಕ್ಕಿದೆಯೋ ಬಲಕ್ಕಿದೆಯೋ ಹೇಳೋಕೆ ಬರಲ್ಲ. ಮೀನು ಕಮಾನಿನ ಆಕಾರದಲ್ಲಿ ಕಾಣೋದೂ ಇದರಿಂದಲೇ. ದೋಣಿ ಮುಂದೆ ಹೋಗ್ತಿದ್ದಾಗ ಮೀನು ಮೊದಲು ಅಂಚಲ್ಲಿ, ಅಂದ್ರೆ ಸ್ವಲ್ಪ ದೂರದಲ್ಲಿ ಸಿಗುತ್ತೆ. ನೇರ ಕೆಳಗೆ ಬಂದಾಗ ದೂರ ಕಡಿಮೆ. ದಾಟಿದ ಮೇಲೆ ಮತ್ತೆ ದೂರ. ದೋಣಿ ನಿಂತು ಮೀನೂ ನಿಂತರೆ ಕಮಾನು ಬರೋದೇ ಇಲ್ಲ, ಉದ್ದ ಗೀಟು ಬರುತ್ತೆ.

ಮೂರನೆಯದು, ಎಲ್ಲ ಕಮಾನೂ ಸ್ಟ್ರೈಪರ್ ಅಲ್ಲ. ತಳಕ್ಕೆ ಅಂಟಿಕೊಂಡ ಹಾಗೆ ಒಂದೊಂದೇ ಕಂಡರೆ ಕಾರ್ಪ್, ಡ್ರಮ್, ಕ್ಯಾಟ್‌ಫಿಶ್ ಇರೋ ಸಾಧ್ಯತೆ ಹೆಚ್ಚು. ನಾವು ಮೊದಲ ದಿನ ಪೂರ್ತಿ ಬೆನ್ನು ಹತ್ತಿದ್ದು ಅವನ್ನೇ ಅಂತ ಈಗ ಅನಿಸುತ್ತೆ. ಸ್ಟ್ರೈಪರ್ ಗುಂಪಲ್ಲಿ, ನೀರಿನ ನಡು ಆಳದಲ್ಲಿ, ಊಟದ ಹತ್ತಿರ ಓಡಾಡುತ್ತೆ.

ಹಾಗಾಗಿ ನಾಲ್ಕನೆಯದು, ಮೀನು ಹುಡುಕಬೇಡಿ, ಊಟ ಹುಡುಕಿ. ಶ್ಯಾಡ್ ಹಿಂಡು ಪರದೆಯಲ್ಲಿ ಮೋಡದ ಹಾಗೆ ಕಾಣುತ್ತೆ. ಮೋಡ ಸಡಿಲವಾಗಿ ಹರಡಿದ್ದರೆ ಶ್ಯಾಡ್ ನೆಮ್ಮದಿಯಾಗಿದೆ, ಹತ್ತಿರ ಯಾರೂ ಬೇಟೆ ಆಡ್ತಿಲ್ಲ. ಮೋಡ ಬಿಗಿಯಾಗಿ ಉಂಡೆ ಕಟ್ಟಿ, ಒಂದು ಕಡೆ ಹರಿದು, ಆ ಹರಿದ ಜಾಗದಲ್ಲಿ ಓರೆ ಗೀಟುಗಳು ಕಂಡರೆ ಕೆಳಗೆ ಊಟ ನಡೀತಿದೆ. ಅಜ್ಜ ಹೇಳಿದ ಮಾತು ಈಗಲೂ ನೆನಪಿದೆ: "ನಾನು ಮೀನು ಎಣಿಸಲ್ಲ, ಶ್ಯಾಡ್ ಎಷ್ಟು ಹೆದರಿದೆ ಅಂತ ನೋಡ್ತೀನಿ."

ಸೋನಾರ್‌ನಲ್ಲೂ ಬಗೆ ಬಗೆ ಇದೆ. 83 ಮತ್ತು 200 ಕಿಲೋಹರ್ಟ್ಸ್‌ನ ಮಾಮೂಲಿ ಸೋನಾರ್ ಕೆಳಗಿನದನ್ನ ತೋರಿಸುತ್ತೆ. 455, 800 ಕಿಲೋಹರ್ಟ್ಸ್‌ನ ಸೈಡ್ ಇಮೇಜಿಂಗ್ ದೋಣಿಯ ಎರಡೂ ಪಕ್ಕ ನೋಡುತ್ತೆ. ಅದರಲ್ಲಿ ಮೀನು ಬಿಳಿ ಚುಕ್ಕೆ, ಪಕ್ಕದಲ್ಲಿ ಅದರ ಕಪ್ಪು ನೆರಳು. ಚುಕ್ಕೆಗೂ ನೆರಳಿಗೂ ದೂರ ಹೆಚ್ಚಿದ್ದಷ್ಟೂ ಮೀನು ತಳದಿಂದ ಮೇಲಿದೆ ಅಂತ. 2018ರಲ್ಲಿ ಗಾರ್ಮಿನ್ ಕಂಪನಿ ಲೈವ್‌ಸ್ಕೋಪ್ ತಂದ ಮೇಲೆ ಆಟವೇ ಬದಲಾಯ್ತು. ಮೀನು ನಿಮ್ಮ ಎರೆ ಕಡೆ ತಿರುಗೋದು, ಹತ್ತಿರ ಬಂದು ಬೇಡ ಅಂತ ವಾಪಸ್ ಹೋಗೋದು, ಎಲ್ಲ ಆಗಿಂದಾಗಲೇ ಕಾಣುತ್ತೆ. ಇದು ಅತಿಯಾಯ್ತು ಅನ್ನೋ ಮಾತೂ ಎದ್ದು, ಅಲ್ಲಿನ ದೊಡ್ಡ ಬಾಸ್ ಪಂದ್ಯಾವಳಿಗಳು 2025ರಲ್ಲಿ ಇದರ ಬಳಕೆಗೆ ಮಿತಿ ಹಾಕಿದವು.

ಬೇಸಿಗೆಯ ಇಕ್ಕಳ

ಇಷ್ಟು ಗೊತ್ತಾದರೂ 89,000 ಎಕರೆಯಲ್ಲಿ ಎಲ್ಲಿಂದ ಶುರು ಮಾಡೋದು? ಬೇಸಿಗೆಯಲ್ಲಿ ಅದಕ್ಕೆ ಉತ್ತರ ನೀರೇ ಕೊಡುತ್ತೆ.

ಜುಲೈಯಲ್ಲಿ ಮೇಲ್ಮೈ ನೀರು 30 ಡಿಗ್ರಿ ಹತ್ತಿರ ಇರುತ್ತೆ. ದೊಡ್ಡ ಸ್ಟ್ರೈಪರ್‌ಗೆ ಬೇಕಾದದ್ದು 25ಕ್ಕಿಂತ ತಣ್ಣಗಿನ ನೀರು. ಹಾಗಾದರೆ ತಳಕ್ಕೆ ಹೋಗಬಹುದಲ್ಲ? ಹೋಗೋಕಾಗಲ್ಲ. ಬಿಸಿ ನೀರು ಹಗುರ, ತಣ್ಣೀರು ಭಾರ. ಎರಡೂ ಬೆರೆಯದೆ ಪದರವಾಗಿ ನಿಲ್ತವೆ. ಕೆಳಗಿನ ಪದರಕ್ಕೆ ಹೊರಗಿನ ಗಾಳಿ ತಾಗಲ್ಲ, ತಳದಲ್ಲಿ ಕೊಳೆಯೋ ಕಸಕಡ್ಡಿ ಇದ್ದ ಆಮ್ಲಜನಕವನ್ನೂ ತಿಂದು ಮುಗಿಸುತ್ತೆ. ಮೇಲೆ ಬಿಸಿ, ಕೆಳಗೆ ಉಸಿರಿಲ್ಲ. ನಡುವಿನ ತೆಳು ಪದರಕ್ಕೆ ಎಲ್ಲ ಮೀನೂ ಬಂದು ಸೇರ್ತವೆ. ಚಾರ್ಲ್ಸ್ ಕೂಟಂಟ್ ಅನ್ನೋ ವಿಜ್ಞಾನಿ 1985ರಲ್ಲಿ ಸ್ಟ್ರೈಪರ್‌ಗಳ ಈ ಕಷ್ಟವನ್ನೇ ವಿವರಿಸಿದರು. ನಾನು ಇದನ್ನ ಇಕ್ಕಳ ಅಂತೀನಿ.

ಸೋನಾರ್‌ನ ಸೆನ್ಸಿಟಿವಿಟಿ ಸ್ವಲ್ಪ ಹೆಚ್ಚಿಸಿದರೆ ಈ ಪದರದ ಗಡಿ ಮಸುಕು ಪಟ್ಟಿಯ ಹಾಗೆ ಪರದೆಯಲ್ಲಿ ಕಾಣುತ್ತೆ. ಬಹಳ ಜನ ಅದನ್ನ ಕಸ ಅಂತ ಫಿಲ್ಟರ್ ಹಾಕಿ ಅಳಿಸ್ತಾರೆ. ಅಳಿಸಬೇಡಿ, ಬೇಸಿಗೆಯಲ್ಲಿ ಅದಕ್ಕಿಂತ ಉಪಯೋಗದ ಗೀಟು ಇನ್ನೊಂದಿಲ್ಲ. ಮೀನು ಅದರ ಸ್ವಲ್ಪ ಮೇಲೆ ಇರುತ್ತೆ. ಅದರ ಕೆಳಗೆ ಎರೆ ಬಿಟ್ಟರೆ ಎರೆಯೇ ಉಸಿರುಗಟ್ಟಿ ಸಾಯುತ್ತೆ. ಹತ್ತು ನಿಮಿಷಕ್ಕೆ ಸತ್ತ ಶ್ಯಾಡ್ ಮೇಲೆ ಬಂದರೆ ನಿಮ್ಮ ಗಾಳ ತುಂಬಾ ಆಳಕ್ಕೆ ಹೋಗಿದೆ ಅಂತ ತಿಳ್ಕೊಳ್ಳಿ.

ಗಾಳ ಕಟ್ಟೋದು ಹೀಗೆ. ದಾರಕ್ಕೆ ಒಂದೆರಡು ಔನ್ಸ್ ಸೀಸ, ಕೆಳಗೆ ಮೂರು ನಾಲ್ಕು ಅಡಿ ಕಾಣದಂಥ ತೆಳು ದಾರ, ತುದಿಗೆ ಸರ್ಕಲ್ ಹುಕ್. ಶ್ಯಾಡ್‌ನ ಮೂಗಿನ ಹೊಳ್ಳೆಗೆ ಚುಚ್ಚಿದರೆ ಅದು ಈಜ್ತಾ ಇರುತ್ತೆ. ಮೀನು ಕಂಡ ಆಳಕ್ಕಿಂತ ಎರಡು ಮೂರು ಅಡಿ ಮೇಲೆ ನಿಲ್ಲಿಸಿ, ಯಾಕಂದ್ರೆ ಸ್ಟ್ರೈಪರ್ ಮೇಲೆ ನೋಡ್ತಾ ಬೇಟೆ ಆಡುತ್ತೆ. ಕಚ್ಚಿದಾಗ ಜಗ್ಗಬೇಡಿ. ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ ಬಾಗಿರುತ್ತೆ. ನಿಧಾನಕ್ಕೆ ರೀಲ್ ಸುತ್ತಿದರೆ ತಾನೇ ತುಟಿಯ ಮೂಲೆಗೆ ಸಿಕ್ಕಿಕೊಳ್ಳುತ್ತೆ, ಜಗ್ಗಿದರೆ ಬಾಯಿಂದ ಜಾರಿ ಬರುತ್ತೆ. ನಾನು ಅಭ್ಯಾಸಬಲದಿಂದ ಜಗ್ಗಿ ಮೂರು ಮೀನು ಕಳ್ಕೊಂಡೆ. ಅಜ್ಜ ಏನೂ ಹೇಳದೆ ನನ್ನ ಕೈಯಿಂದ ಕಡ್ಡಿ ತಗೊಂಡು ಹೋಲ್ಡರ್‌ಗೆ ಸಿಕ್ಕಿಸಿ, "ನೀನು ರೀಲ್ ಮಾತ್ರ ಮುಟ್ಟು" ಅಂದರು.

ಆ ಮೂರನೇ ಮೀನು

ಆಮೇಲೆ ಶುರುವಾಯ್ತು ನೋಡಿ. 50 ಅಡಿ ಆಳದಲ್ಲಿ ದೊಡ್ಡ ಗುಂಪು. ಎರೆ ಇಳಿಸಿದರೆ ಮೀನು. ಟೆಕ್ಸೋಮಾ ನಿಯಮದ ಪ್ರಕಾರ ಒಬ್ಬರಿಗೆ ದಿನಕ್ಕೆ ಹತ್ತು ಮೀನು. ಅದರಲ್ಲಿ 20 ಇಂಚು ಅಥವಾ ಅದಕ್ಕಿಂತ ದೊಡ್ಡವು ಎರಡೇ ಇಟ್ಟುಕೊಳ್ಳಬಹುದು. ನನ್ನ ಎರಡು ದೊಡ್ಡವು ಅರ್ಧ ಗಂಟೆಯಲ್ಲೇ ಆದವು. ಮೂರನೆಯದು ಬಂತು, 26 ಇಂಚು. ಅಷ್ಟು ಚೆಂದದ ಮೀನನ್ನ ನಾನು ಕೈಯಲ್ಲಿ ಹಿಡಿದದ್ದೇ ಇಲ್ಲ. ಫೋಟೋ ತೆಗೆಸ್ಕೊಂಡೆ. ಒಂದು ಸರಿ ಬರಲಿಲ್ಲ ಅಂತ ಇನ್ನೊಂದು. ಆಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ ನೀರಿಗೆ ಬಿಟ್ಟೆ.

ಅದು ಒಂದು ಸಲ ಬಾಲ ಬಡಿದು ಕೆಳಗೆ ಹೋಯ್ತು. ನಿಮಿಷ ಕಳೆದ ಮೇಲೆ ಇಪ್ಪತ್ತು ಅಡಿ ಆಚೆ ಹೊಟ್ಟೆ ಮೇಲಾಗಿ ತೇಲಿತು.

ಅಜ್ಜ ದೋಣಿ ತಿರುಗಿಸಿದರು. ಮೀನನ್ನ ಹಿಡಿದು ನೀರಲ್ಲಿ ಮುಂದೆ ನಡೆಸಿ ಕಿವಿರಿಗೆ ನೀರು ಹಾಯಿಸಿದರು. ಎರಡು ಸಲ ಬಿಟ್ಟು ನೋಡಿದರು, ಎರಡು ಸಲವೂ ತೇಲಿತು. ಇಟ್ಟುಕೊಳ್ಳೋಣ ಅಂದ್ರೆ ನಿಯಮ ಬಿಡಲ್ಲ, ನನ್ನ ಲೆಕ್ಕದ ಎರಡು ಮುಗಿದಿತ್ತು. ಬೆಳ್ಳಕ್ಕಿಗಳು ಆಗಲೇ ಸುತ್ತು ಹಾಕ್ತಿದ್ದವು.

ಯಾಕೆ ಸತ್ತಿತು ಅಂತ ಅಜ್ಜ ಬಿಡಿಸಿ ಹೇಳಿದರು. ಮೀನು ಹೋರಾಡಿ ಸುಸ್ತಾದ ಮೇಲೆ ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ನಾನು ಅದನ್ನ ತಣ್ಣೀರಿಂದ ಎತ್ತಿ ಬಿಸಿ ನೀರಿಗೆ ಬಿಟ್ಟೆ. ಬಿಸಿ ನೀರಲ್ಲಿ ಆಮ್ಲಜನಕವೇ ಕಡಿಮೆ. ಅದರ ಮೇಲೆ 50 ಅಡಿಯ ಒತ್ತಡದಿಂದ ಒಮ್ಮೆಗೇ ಮೇಲೆ ಬಂದಾಗ ಗಾಳಿಚೀಲ ಉಬ್ಬಿಕೊಳ್ಳುತ್ತೆ, ಮೀನಿಗೆ ತನ್ನ ತಣ್ಣನೆ ಪದರಕ್ಕೆ ವಾಪಸ್ ಇಳಿಯೋದು ಕಷ್ಟ. ಯಾವ ಗಾಳಿಚೀಲದಿಂದ ಅದು ಪರದೆಯಲ್ಲಿ ನನಗೆ ಕಂಡಿತೋ, ಅದೇ ಅದನ್ನ ತೇಲಿಸಿ ಕೊಂದಿತು. ಜೊತೆಗೆ ನನ್ನ ಎರಡನೇ ಫೋಟೋ.

ಕಾನೂನಿನ ಪ್ರಕಾರ ನಾನು ಯಾವ ತಪ್ಪೂ ಮಾಡಿರಲಿಲ್ಲ. ಬಿಡಬೇಕಿತ್ತು, ಬಿಟ್ಟೆ. ಆದರೆ ಎರಡು ದೊಡ್ಡವು ಆದ ಕ್ಷಣವೇ ಆ ಗುಂಪಿನ ಮೇಲೆ ಗಾಳ ಹಾಕೋದನ್ನ ನಿಲ್ಲಿಸಬೇಕಿತ್ತು. ಅಲ್ಲಿ ದೊಡ್ಡ ಮೀನೇ ಇದೆ ಅಂತ ಪರದೆ ಸ್ಪಷ್ಟವಾಗಿ ತೋರಿಸ್ತಿತ್ತು. ಅಜ್ಜ ಬೈಯಲಿಲ್ಲ. ಎಲ್ಲರ ಗಾಳ ಮೇಲೆತ್ತಿಸಿ, ಆಳ ಕಡಿಮೆ ಇರೋ ಕಡೆ ಸಣ್ಣ ಮೀನಿನ ಗುಂಪು ಹುಡುಕ್ಕೊಂಡು ಹೊರಟರು. ಹೋಗ್ತಾ ಒಂದೇ ಮಾತು ಹೇಳಿದರು: "ಇದೆಲ್ಲ ತಪ್ಪು ನನ್ನದೂ ಹೌದು. ನಾನು ಐದು ನಿಮಿಷ ಮುಂಚೆ ಹೊರಡಬೇಕಿತ್ತು."

ಹಿಡಿದು ಬಿಟ್ಟರೆ ಪಾಪ ಇಲ್ಲ ಅಂತ ನಾನು ಅಲ್ಲಿಯವರೆಗೆ ನಂಬಿದ್ದೆ. ಚಳಿಗಾಲದಲ್ಲಿ, ತಣ್ಣೀರಲ್ಲಿ, ಬೇಗ ಬಿಟ್ಟರೆ ಅದು ಬಹುಮಟ್ಟಿಗೆ ನಿಜ. ಬೇಸಿಗೆಯ ಆಳದ ಸ್ಟ್ರೈಪರ್‌ಗೆ ನಿಜ ಅಲ್ಲ. ಅದು ಗೊತ್ತಿದ್ದೇ ಮೇರಿಲ್ಯಾಂಡ್ ರಾಜ್ಯ 2021ರಿಂದ ಕೆಲವು ವರ್ಷ ಚೆಸಾಪೀಕ್ ಕೊಲ್ಲಿಯಲ್ಲಿ ಜುಲೈ 16ರಿಂದ 31ರವರೆಗೆ ಸ್ಟ್ರೈಪರ್‌ಗೆ ಗಾಳ ಹಾಕೋದನ್ನೇ ನಿಲ್ಲಿಸಿತ್ತು, ಹಿಡಿದು ಬಿಡೋದಕ್ಕೂ ಅವಕಾಶ ಇರಲಿಲ್ಲ. ಅದಕ್ಕೂ ಮುಂಚೆ, ಮೀನು ತೀರಾ ಕಡಿಮೆಯಾದಾಗ, 1985ರಿಂದ 1990ರವರೆಗೆ ಹಿಡಿಯೋದನ್ನೇ ಪೂರ್ತಿ ನಿಷೇಧಿಸಿತ್ತು. ಆಮೇಲೆ ಸಂಖ್ಯೆ ಮತ್ತೆ ಏರಿತು. ಮನುಷ್ಯ ಕೈ ಹಿಂದೆ ತೆಗೆದುಕೊಂಡರೆ ಈ ಮೀನು ತಿರುಗಿ ಬರುತ್ತೆ ಅನ್ನೋದಕ್ಕೆ ಅದು ಸಾಕ್ಷಿ.

ಡಲ್ಲಾಸ್ ಗೆಳೆಯರಿಗೆ

ಈಗ ನಿಮ್ಮ ಪ್ರಶ್ನೆಗೆ ಚಿಕ್ಕದಾಗಿ ಉತ್ತರ. ಮುಂದಿನ ಸಲ ಹೋಗುವಾಗ ಎರೆ ಕಡಿಮೆ ಹಿಡಿಯಿರಿ, ಜಲಾಶಯದ ನೀರಲ್ಲೇ ದುಂಡು ತೊಟ್ಟಿಯಲ್ಲಿಡಿ. ಗಾಳ ಹಾಕೋ ಮುಂಚೆ ಅರ್ಧ ಗಂಟೆ ಪರದೆ ಮಾತ್ರ ನೋಡಿ. ಮಸುಕು ಪಟ್ಟಿ ಎಷ್ಟು ಆಳದಲ್ಲಿದೆ ಅಂತ ಬರ್ಕೊಳ್ಳಿ. ಹರಿದ ಶ್ಯಾಡ್ ಮೋಡ ಹುಡುಕಿ. ಮೀನಿನ ಸ್ವಲ್ಪ ಮೇಲೆ ಎರೆ ನಿಲ್ಲಿಸಿ, ಕಚ್ಚಿದಾಗ ಜಗ್ಗಬೇಡಿ. ಬೇಸಿಗೆಯಾದರೆ ತಿನ್ನೋಕೆ ಬೇಕಾದಷ್ಟು ಹಿಡಿದು ನಿಲ್ಲಿಸಿ. ಎರಡು ದೊಡ್ಡವು ಆದ ಮೇಲೆ ಆ ಜಾಗ ಬಿಟ್ಟು ಹೊರಡಿ, ಪರದೆ ಎಷ್ಟೇ ಆಸೆ ತೋರಿಸಲಿ. ಹೊರಡೋ ಮುಂಚೆ ನಿಯಮಗಳನ್ನ ಒಮ್ಮೆ ನೋಡ್ಕೊಳ್ಳಿ, ಅವು ಆಗಾಗ ಬದಲಾಗ್ತವೆ.

ಊರಿಗೆ ಹೋದಾಗ ಮಾವನಿಗೆ ಈ ಕತೆ ಹೇಳಿದೆ. ಅವನಿಗೆ ಸೋನಾರ್ ಹೊಸದೇನಲ್ಲ, ಗಂಗೊಳ್ಳಿ ಬಂದರಿನ ದೊಡ್ಡ ಬೋಟುಗಳಲ್ಲಿ ನೋಡಿದ್ದಾನೆ. ಪೂರ್ತಿ ಕೇಳಿ ಅವನು ಕೇಳಿದ್ದು ಒಂದೇ: "ಅಲ್ಲ ಮಾರಾಯ, ಮೀನು ಎಲ್ಲಿತ್ತ್ ಅಂತ ಮಷೀನ್ ಹೇಳತ್ತ್, ಸಾಕ್ ಅಂತ ಯಾರ್ ಹೇಳೂದ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಅನುಭವ ಏನಿದೆ ಅಂತ ಬರೀರಿ.